ಒಂದೇ ಡಬ್ಬ, ಎರಡು ಗ್ರಾಫಿಕ್ಸ್ ಕಾರ್ಡ್: ಪಾಸ್‌ಥ್ರೂ ಆಯ್ತು, ಶಿರಸಿವರೆಗೂ ಮುಟ್ಟಿತು

ಹುಬ್ಬಳ್ಳಿಯಲ್ಲಿ ನಮ್ಮದು ಮನೆ ಪ್ಲಾನ್ ಹಾಕುವ ಸಣ್ಣ ಆಫೀಸು. ಡ್ರಾಯಿಂಗ್ ಮಾಡುವವರು ಇಬ್ಬರು. ಒಬ್ಬ ಇಲ್ಲೇ ಕೂರುತ್ತಾನೆ, ಇನ್ನೊಬ್ಬಳು ಶಿರಸಿ ಹತ್ತಿರದ ತನ್ನ ಊರಿಂದಲೇ ಕೆಲಸ ಮಾಡುತ್ತಾಳೆ. ಇಬ್ಬರ ಲ್ಯಾಪ್‌ಟಾಪೂ ಹಳೇವು, ಸ್ಕೆಚ್‌ಅಪ್‌ನಲ್ಲಿ ಮಾಡೆಲ್ ತಿರುಗಿಸಿದರೆ ಫ್ಯಾನ್ ಕೂಗುತ್ತಿತ್ತು. ಎರಡು ಹೊಸ ವರ್ಕ್‌ಸ್ಟೇಷನ್‌ಗೆ ಕೊಟೇಶನ್ ತರಿಸಿದೆ. ಒಂದು ಲಕ್ಷ ಎಪ್ಪತ್ತು ಸಾವಿರದ ಹತ್ತಿರ ಬಂತು. ಒಂದೇ ಮಷಿನ್ ಕಟ್ಟಿ, ಎರಡು ವಿಎಂ (ಒಂದೇ ಮಷಿನ್ ಒಳಗೆ ಬೇರೆ ಬೇರೆಯಾಗಿ ಓಡುವ ಕಂಪ್ಯೂಟರ್) ಮಾಡಿ, ತಲಾ ಒಂದು ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಒಪ್ಪಿಸುತ್ತೇನೆ, ಇದಕ್ಕೇ ಪಾಸ್‌ಥ್ರೂ ಅನ್ನೋದು, ಅಂದಾಗ ಕಂಪ್ಯೂಟರ್ ಅಂಗಡಿಯ ಗೆಳೆಯ ನಕ್ಕ. "ಸುಮ್ನ ಎರಡು ಪಿಸಿ ತಗೊಳ್ಳೋ ದೋಸ್ತ, ತಲೀ ಯಾಕ ಕೆಡಿಸ್ಕೋತಿ?" ಅಂದ. ಈಗ ಒಂದು ಮಳೆಗಾಲ ದಾಟಿದೆ, ಇಬ್ಬರೂ ಅದರಲ್ಲೇ ಕೆಲಸ ಮಾಡುತ್ತಿದ್ದಾರೆ.

ಮೊದಲು ದುಡ್ಡಿನ ಲೆಕ್ಕ. ರೈಜನ್ 7 3700ಎಕ್ಸ್ ಮತ್ತು ಬಿ450 ಬೋರ್ಡ್, ಎರಡೂ ಸೆಕೆಂಡ್ ಹ್ಯಾಂಡ್, 17 ಸಾವಿರ. 64 ಜಿಬಿ ರಾಮ್ ಹತ್ತೂವರೆ. ಆರ್‌ಟಿಎಕ್ಸ್ 3060, 12 ಜಿಬಿಯದು, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೇದು ಸಿಕ್ಕಿತು, 19 ಸಾವಿರ. ಜಿಟಿಎಕ್ಸ್ 1660 ಸೂಪರ್ ಎಂಟೂವರೆ. ಎರಡು ಎನ್‌ವಿಎಂಇ ಡಿಸ್ಕ್, ಎಸ್‌ಎಂಪಿಎಸ್ (ಪವರ್ ಸಪ್ಲೈ), ಯುಪಿಎಸ್ ಎಲ್ಲ ಸೇರಿ ಇನ್ನೊಂದು ಇಪ್ಪತ್ತೆರಡೂವರೆ. ಒಟ್ಟು 78 ಸಾವಿರದ ಒಳಗೆ. ವಿಂಡೋಸ್ ಲೈಸೆನ್ಸ್ ಬೇರೆ, ಅದನ್ನು ಎರಡು ಪಿಸಿ ತಗೊಂಡರೂ ಕೊಡಲೇಬೇಕಲ್ವಾ. ಎಎಂಡಿಯ ಆರ್‌ಎಕ್ಸ್ 580 ಕಾರ್ಡ್ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆ ತಲೆಮಾರಿನ ಕಾರ್ಡ್‌ಗಳಿಗೆ ರೀಸೆಟ್ ತೊಂದರೆ ಇದೆ. ವಿಎಂ ಒಮ್ಮೆ ನಿಂತರೆ ಇಡೀ ಹೋಸ್ಟ್ (ವಿಎಂಗಳನ್ನು ಹೊತ್ತ ಮಷಿನ್) ರೀಬೂಟ್ ಮಾಡಬೇಕಾಗಬಹುದು. ವೆಂಡರ್-ರೀಸೆಟ್ ಮಾಡ್ಯೂಲ್ ಇದೆ, ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಪ್ರತಿ ಅಪ್‌ಡೇಟ್‌ಗೂ ಅದನ್ನು ಸಾಕಬೇಕು. ಎರಡು ಸಾವಿರ ಉಳಿಸಲು ಹೋಗಿ ಆ ಗೋಳು ಬೇಡ ಅಂತ ಬಿಟ್ಟೆ.

ಹೋಸ್ಟ್‌ಗೆ ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್ 8 ಹಾಕಿದೆ. ವಿಎಂ ಸೆಟ್ಟಿಂಗ್‌ಗಳು (ಕ್ಯೂ35, ಓವಿಎಂಎಫ್, ಸಿಪಿಯು ಟೈಪ್ ಹೋಸ್ಟ್), ಕಾರ್ಡ್ ಅನ್ನು ವಿಎಂಗಾಗಿ ಹಿಡಿದಿಡುವ ವಿಎಫ್‌ಐಒ ಡ್ರೈವರ್‌ಗೆ ಐಡಿ ಕಟ್ಟೋದು, ಇದೆಲ್ಲ ಮಾಮೂಲಿ. ಸಿಕ್ಕಿಕೊಂಡಿದ್ದು ಬೇರೆ ಕಡೆ.

ಎರಡನೇ ಕಾರ್ಡ್ ಹಾಕಿ ಆನ್ ಮಾಡಿದರೆ ಹೋಸ್ಟ್ ನೆಟ್‌ವರ್ಕ್‌ನಿಂದಲೇ ಮಾಯ. ಪಿಸಿಐ ಬಸ್ ನಂಬರ್ ಒಂದು ಮುಂದೆ ಹೋಗಿ, ಎನ್‌ಪಿ4ಎಸ್0 ಅಂತ ಹೆಸರಿದ್ದ ಲ್ಯಾನ್ ಎನ್‌ಪಿ5ಎಸ್0 ಆಗಿತ್ತು. ವಿಎಂಗಳನ್ನು ಲ್ಯಾನ್‌ಗೆ ಜೋಡಿಸುವ ಬ್ರಿಡ್ಜ್ ಹಳೇ ಹೆಸರನ್ನೇ ಹುಡುಕುತ್ತಾ ಕೂತಿತ್ತು. ಈ ಪ್ರೊಸೆಸರ್‌ಗೆ ಒಳಗಿನ ಗ್ರಾಫಿಕ್ಸ್ ಇಲ್ಲ, ಎರಡೂ ಕಾರ್ಡ್ ವಿಎಫ್‌ಐಒ ಕೈಯಲ್ಲಿ. ಸ್ಕ್ರೀನೂ ಇಲ್ಲ, ನೆಟ್‌ವರ್ಕ್ ಮೂಲಕ ಒಳಹೋಗುವ ಎಸ್‌ಎಸ್‌ಎಚ್ಚೂ ಇಲ್ಲ. ರಿಕವರಿ ಯುಎಸ್‌ಬಿ ಹಾಕಿ ಒಳಗೆ ಹೋಗಿ, ಲ್ಯಾನ್‌ನ ಮ್ಯಾಕ್ ಅಡ್ರೆಸ್‌ಗೆ (ಸ್ಲಾಟ್ ಬದಲಾದರೂ ಬದಲಾಗದ ಗುರುತು) ಹೆಸರು ಕಟ್ಟುವ ಲಿಂಕ್ ಫೈಲ್ ಬರೆದೆ. ನೀವು ಕಾರ್ಡ್ ಹಾಕುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ.

ಆಮೇಲೆ ಮೊದಲ ಸ್ಲಾಟ್‌ನ 3060 ಕಪ್ಪು ಸ್ಕ್ರೀನ್. ಕರ್ನಲ್‌ನ ಲಾಗ್ ಆದ ಡಿಮೆಸೇಜ್ ತುಂಬಾ ಬಾರ್ (ಕಾರ್ಡ್‌ನ ಮೆಮೊರಿ ಜಾಗ) ರಿಸರ್ವ್ ಆಗಲ್ಲ ಅನ್ನುವ ಸಾಲುಗಳು. ಬೂಟ್ ಆಗುವಾಗ ಹೋಸ್ಟ್ ಕರ್ನಲ್ ಅದೇ ಕಾರ್ಡ್‌ನ ಫ್ರೇಮ್‌ಬಫರ್ (ಸ್ಕ್ರೀನ್ ಚಿತ್ರದ ಮೆಮೊರಿ) ಹಿಡಿದುಕೊಂಡು ಬಿಡುತ್ತದೆ. ಹಳೇ ಗೈಡ್‌ಗಳೆಲ್ಲ ಕರ್ನಲ್‌ನ ಬೂಟ್ ಸಾಲಿನಲ್ಲಿ ಇಎಫ್‌ಐಎಫ್‌ಬಿ ಆಫ್ ಮಾಡಿ ಅನ್ನುತ್ತವೆ. ಕರ್ನಲ್ 5.15ರಿಂದ ಈಚೆಗೆ ಆ ಸಾಲು ಉಪಯೋಗಕ್ಕೆ ಬರಲ್ಲ. ಸಿಸ್‌ಎಫ್‌ಬಿ ಇನಿಟ್ ಅನ್ನು ಇನಿಟ್‌ಕಾಲ್ ಬ್ಲ್ಯಾಕ್‌ಲಿಸ್ಟ್‌ಗೆ ಹಾಕಬೇಕು. ಹಾಕಿದ ಕೂಡಲೇ ಚಿತ್ರ ಬಂತು. ವಿಎಂ ಒಳಗೆ ಕಾರ್ಡ್ ಓಡದಂತೆ ಮಾಡುವ ವಿಂಡೋಸ್ ಎರರ್ ಕೋಡ್ 43 ಬಗ್ಗೆ ಜನ ಇನ್ನೂ ಹೆದರಿಸುತ್ತಾರೆ. 2021ರಲ್ಲಿ ಎನ್ವಿಡಿಯಾದ 465 ಡ್ರೈವರ್ ಬಂದಮೇಲೆ ಜಿಫೋರ್ಸ್ ಕಾರ್ಡ್‌ಗೆ ವಿಎಂ ಅಂತ ಬಚ್ಚಿಡುವ ಅಗತ್ಯ ಇಲ್ಲ. ನನಗೆ ಒಮ್ಮೆಯೂ ಬರಲಿಲ್ಲ.

1660ರದ್ದು ಬೇರೆ ಕಥೆ. ಆ ಕಾರ್ಡ್ ನಾಲ್ಕು ಡಿವೈಸ್ ಆಗಿ ಕಾಣುತ್ತದೆ: ಗ್ರಾಫಿಕ್ಸ್, ಆಡಿಯೋ, ಒಂದು ಯುಎಸ್‌ಬಿ ಕಂಟ್ರೋಲರ್, ಒಂದು ಟೈಪ್-ಸಿ ಕಂಟ್ರೋಲರ್. ಹಿಂದೆ ಟೈಪ್-ಸಿ ಪೋರ್ಟೇ ಇಲ್ಲದಿದ್ದರೂ ಇವು ಇರುತ್ತವೆ. ನಾಲ್ಕನ್ನೂ ಒಟ್ಟಿಗೇ ಕೊಡಬೇಕು. ಅದಕ್ಕಿಂತ ದೊಡ್ಡ ತಲೆನೋವು ಸ್ಲಾಟ್. ನನ್ನ ಬೋರ್ಡ್‌ನಲ್ಲಿ ಎರಡನೇ ಉದ್ದ ಸ್ಲಾಟ್ ಚಿಪ್‌ಸೆಟ್ ಕಡೆಯದು. ಲ್ಯಾನ್, ಸಾಟಾ, ಯುಎಸ್‌ಬಿ ಎಲ್ಲ ಅದರ ಜೊತೆ ಒಂದೇ ಐಒಎಂಎಂಯು ಗ್ರೂಪ್, ಅಂದರೆ ವಿಎಂಗೆ ಕೊಟ್ಟರೆ ಒಟ್ಟಿಗೇ ಕೊಡಬೇಕಾದ ಗುಂಪು. ಗುಂಪನ್ನು ಬೇರೆ ಬೇರೆ ಅಂತ ತೋರಿಸುವ ಎಸಿಎಸ್ ಓವರ್‌ರೈಡ್ ಹಾಕಿ ಒಡೆದೆ. ಇದು ಕಾಗದದ ಮೇಲಿನ ಗೋಡೆ ಅಂತ ಗೊತ್ತು. ಎರಡೂ ವಿಎಂ ನಮ್ಮವರದ್ದೇ, ಅದಕ್ಕೆ ಧೈರ್ಯ ಮಾಡಿದೆ. ಹೊರಗಿನವರಿಗೆ ಬಾಡಿಗೆ ಕೊಡುವ ಮಷಿನ್ ಆದರೆ ಮಾಡಬೇಡಿ. ಆ ಸ್ಲಾಟ್ ನಿಧಾನದ್ದು, ಪಿಸಿಐಇ 2.0, ನಾಲ್ಕೇ ಲೇನ್. ಸ್ಕೆಚ್‌ಅಪ್, ಆಟೋಕ್ಯಾಡ್‌ಗೆ ಅಷ್ಟು ಸಾಕು, ನಮಗೆ ವ್ಯತ್ಯಾಸ ಕಾಣಲಿಲ್ಲ.

ರಾಮ್ ಬಗ್ಗೆ ಒಂದು ಮಾತು. ಪಾಸ್‌ಥ್ರೂ ಇದ್ದರೆ ಬಲೂನಿಂಗ್ (ಬೇಕಾದಂತೆ ವಿಎಂನ ರಾಮ್ ಹೆಚ್ಚು ಕಡಿಮೆ ಮಾಡೋದು) ಮರೆತುಬಿಡಿ. ಕೊಟ್ಟಷ್ಟೂ ಶುರುವಿನಲ್ಲೇ ಲಾಕ್ ಆಗುತ್ತದೆ. 24 ಮತ್ತು 24 ಕೊಟ್ಟು ಉಳಿದದ್ದನ್ನು ಹೋಸ್ಟ್‌ಗೆ ಬಿಟ್ಟೆ. ಹಾಗೇ, ವಿಎಂ ಆಫ್ ಮಾಡಿದರೆ ಕರೆಂಟ್ ಉಳಿಯುತ್ತೆ ಅಂದುಕೊಳ್ಳಬೇಡಿ. ಒಳಗೆ ಡ್ರೈವರ್ ಓಡುತ್ತಿದ್ದರೇ ಕಾರ್ಡ್ ನೆಟ್ಟಗೆ ನಿದ್ದೆ ಮಾಡುತ್ತದೆ. ನನ್ನದು ಸುಮ್ನೆ ಕೂತಾಗ 95 ವ್ಯಾಟ್ ಆಸುಪಾಸು, ಅಂದರೆ ತಿಂಗಳಿಗೆ 70 ಯೂನಿಟ್ ಹತ್ತಿರ.

ಇಷ್ಟು ಮಾಡಿದವರು ಬಹಳ ಜನ ಇದ್ದಾರೆ. ಬಿಟ್ಟುಬಿಡೋದು ಇದರ ಮುಂದೆ, ದೂರದಿಂದ ಕೂರುವಾಗ.

ಶುರುವಿಗೆ ಆರ್‌ಡಿಪಿ, ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್. ವಿಂಡೋಸ್ ಪ್ರೊನಲ್ಲಿ ಬಂದೇ ಇರುತ್ತೆ, ಖರ್ಚಿಲ್ಲ. ಗ್ರೂಪ್ ಪಾಲಿಸಿಯಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಬಳಸು ಅನ್ನೋದನ್ನು ಆನ್ ಮಾಡಿ, ಎವಿಸಿ 444 (ಬಣ್ಣ ಪೂರ್ತಿ ಕಳಿಸುವ ವಿಧಾನ) ಕೂಡ ಆನ್ ಮಾಡಿದೆ. ಆರ್‌ಡಿಪಿ ಸೆಕೆಂಡಿಗೆ 30 ಫ್ರೇಮ್‌ಗೆ ನಿಲ್ಲುತ್ತದೆ. ರಿಜಿಸ್ಟ್ರಿಯಲ್ಲಿ ಡಿಡಬ್ಲ್ಯುಎಂ ಫ್ರೇಮ್ ಇಂಟರ್‌ವಲ್ 15 ಕೊಟ್ಟರೆ 60ಕ್ಕೆ ಹೋಗುತ್ತದೆ. ಆದರೂ ಮಾಡೆಲ್ ತಿರುಗಿಸುವಾಗ ಕೈಗೂ ಕಣ್ಣಿಗೂ ತಾಳ ಕೂಡಲಿಲ್ಲ.

ವಿಎಂನಲ್ಲಿ ಸ್ಕ್ರೀನ್ ಅನ್ನು ವಿಡಿಯೋ ಮಾಡಿ ಕಳಿಸುವ ಸನ್‌ಶೈನ್ ಹಾಕಿ, ಆ ಕಡೆ ಅದನ್ನು ತೋರಿಸುವ ಮೂನ್‌ಲೈಟ್ ಕೊಟ್ಟೆ. ಕಾರ್ಡ್‌ಗೆ ಮಾನಿಟರ್ ಸಿಕ್ಕಿಸದಿದ್ದರೆ ಸನ್‌ಶೈನ್‌ಗೆ ಹಿಡಿಯಲು ಸ್ಕ್ರೀನೇ ಇರಲ್ಲ. 350 ರೂಪಾಯಿಯ ಎಚ್‌ಡಿಎಂಐ ಡಮ್ಮಿ ಪ್ಲಗ್ ಎರಡು ತರಿಸಿದೆ. ಅದು 4ಕೆ ಅಂತ ಹೇಳಿಕೊಳ್ಳುತ್ತದೆ, 1080ಕ್ಕೆ ಇಳಿಸಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ವಿಎಂನ ಡಿಸ್‌ಪ್ಲೇ ‘none’ (ಯಾವುದೂ ಇಲ್ಲ) ಮಾಡಿ. ಇಲ್ಲದಿದ್ದರೆ ವಿಂಡೋಸ್ ಎರಡು ಸ್ಕ್ರೀನ್ ಅಂದುಕೊಂಡು ಸಾಫ್ಟ್‌ವೇರ್ ಎಲ್ಲವನ್ನೂ ಕಾಣದ ಸ್ಕ್ರೀನ್‌ನಲ್ಲಿ ತೆರೆಯುತ್ತದೆ.

ಮೂರು ಆಯಾಮದ ಕೆಲಸ ಬೆಣ್ಣೆಯಂತೆ ಸಾಗಿತು. ಆದರೆ ಆಟೋಕ್ಯಾಡ್ ತೆರೆದ ಶಿರಸಿಯ ಹುಡುಗಿ ಫೋನ್ ಮಾಡಿದಳು. "ಸರ್, ಕೆಂಪು ಲೈನ್ ಎಲ್ಲ ಕಲಸಿಕೊಂಡಿವೆ, ಡೈಮೆನ್ಷನ್ ಓದೋಕೆ ಆಗ್ತಿಲ್ಲ." ಸ್ಟ್ರೀಮ್ ಮಾಮೂಲಿಯಾಗಿ 4:2:0ದಲ್ಲಿ ಹೋಗುತ್ತದೆ. ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದು. ಸಿನಿಮಾಗೆ ಪರವಾಗಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಒಂದು ಪಿಕ್ಸೆಲ್ ಕೆಂಪು ಗೆರೆಗೆ ಅದೇ ಶತ್ರು. ಬಿಟ್‌ರೇಟ್ ಏರಿಸಿ ನೋಡಿದೆ, ಪ್ರಯೋಜನ ಇಲ್ಲ. ಈಚಿನ ಸನ್‌ಶೈನ್, ಮೂನ್‌ಲೈಟ್‌ನಲ್ಲಿ 4:4:4 (ಪ್ರತಿ ಪಿಕ್ಸೆಲ್‌ಗೂ ಬಣ್ಣ) ಇದೆ. ಅವಳ ಹಳೇ ಲ್ಯಾಪ್‌ಟಾಪ್‌ನ ಚಿಪ್‌ಗೆ ಅದನ್ನು ಬಿಚ್ಚುವ ತಾಕತ್ತಿಲ್ಲ, ಪ್ರೊಸೆಸರ್ ಮೇಲೆ ಬಿದ್ದು ಮತ್ತೆ ಫ್ಯಾನ್ ಕೂಗಿತು.

ಹಾಗಾಗಿ ಎರಡನ್ನೂ ಇಟ್ಟೆ. 2ಡಿ ಡ್ರಾಯಿಂಗ್‌ಗೆ ಆರ್‌ಡಿಪಿ, 3ಡಿಗೆ ಮೂನ್‌ಲೈಟ್. ಅದೇ ವಿಎಂ, ಅದೇ ಲಾಗಿನ್. ಇಲ್ಲೊಂದು ಗಂಟಿದೆ. ಆರ್‌ಡಿಪಿ ಕಡಿದಾಗ ಸೆಷನ್ ಲಾಕ್ ಆಗಿ ಕೂರುತ್ತದೆ, ಮೂನ್‌ಲೈಟ್‌ಗೆ ಲಾಕ್ ಸ್ಕ್ರೀನೋ ಕತ್ತಲೋ ಸಿಗುತ್ತದೆ. ಟಿಎಸ್‌ಕಾನ್ ಕಮಾಂಡ್‌ನಿಂದ ಸೆಷನ್ ಅನ್ನು ಕನ್ಸೋಲ್‌ಗೆ (ವಿಎಂನದೇ ಸ್ಕ್ರೀನ್‌ಗೆ) ತಳ್ಳಬೇಕು. ಅವಳು ಡೆಸ್ಕ್‌ಟಾಪ್‌ನ ಒಂದು ಐಕಾನ್ ಒತ್ತಿದರೆ ಎಲ್ಲ ತಾನಾಗಿ ಬದಲಾಗುವಂತೆ ಸ್ಕ್ರಿಪ್ಟ್ ಮಾಡಿದ್ದೇನೆ. ರೆಸಲ್ಯೂಷನ್ ಕೆಡದಂತೆ ಅದರಲ್ಲಿ ಒಂದು ಸಣ್ಣ ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ನಾಲ್ಕು ಆಫೀಸಿಗೆ ಇದನ್ನೇ ಹಾಕಿಕೊಡುವ ಯೋಚನೆ ಇದೆ.

ಇಂಟರ್‌ನೆಟ್ ಕಡೆ ಬಂದರೆ ನಮ್ಮ ಫೈಬರ್ ಸಿಜಿನ್ಯಾಟ್ ಹಿಂದೆ, ಅಂದರೆ ಒಂದೇ ಹೊರ ಐಪಿ ಹಲವು ಗ್ರಾಹಕರಿಗೆ. ರೂಟರ್‌ನ ಹೊರ ಅಡ್ರೆಸ್ 100.64ರಿಂದ 100.127ರೊಳಗೆ ಇದ್ದರೆ ಪೋರ್ಟ್ ಫಾರ್ವರ್ಡ್ ಮಾಡಿ ಕೂರೋದು ವ್ಯರ್ಥ. ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ ಎರಡು ಸಾವಿರದ ಮೇಲೆ ಕೇಳಿದರು. ಎರಡೂ ಕಡೆಯನ್ನು ಖಾಸಗಿ ನೆಟ್‌ವರ್ಕ್ ಮಾಡಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿದೆ. ಮೊದಮೊದಲು ನಡುವಿನ ರಿಲೇ ಸರ್ವರ್ ಮೂಲಕ ಹೋಗಿ 80 ಮಿಲಿಸೆಕೆಂಡ್ ತಡ, ಮೌಸ್ ಹಿಂದೆ ಹಿಂದೆ ಬರುತ್ತಿತ್ತು. ಎರಡೂ ಕಡೆ ರೂಟರ್‌ನಲ್ಲಿ ಐಪಿವಿ6 ಆನ್ ಮಾಡಿದ ಮೇಲೆ ನೇರ ಸಂಪರ್ಕ ಸಿಕ್ಕಿತು. ಈಗ 25–30. ಬಿಟ್‌ರೇಟ್ 10 ಎಂಬಿಪಿಎಸ್‌ನಲ್ಲಿ ನಿಲ್ಲಿಸಿದ್ದೇನೆ. ಮಳೆಯಲ್ಲಿ ಅವಳ ಊರಿನ ಲೈನ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆರ್‌ಡಿಪಿ ಮಾತ್ರ, ಅದು ಹೇಗೋ ನಡೆಯುತ್ತೆ.

ನಡುವೆ ವಿಎಂನ ಸ್ಕ್ರೀನ್ ಅನ್ನು ಹೋಸ್ಟ್‌ನಲ್ಲೇ ತೋರಿಸುವ ಲುಕಿಂಗ್ ಗ್ಲಾಸ್ ಕೂಡ ಹಾಕಿ ನೋಡಿದೆ. ಚೆನ್ನಾಗಿದೆ, ಆದರೆ ಹೋಸ್ಟ್ ಮುಂದೆಯೇ ಕೂರುವವರಿಗೆ. ರಾತ್ರಿ ಹೊತ್ತು 3060 ಅನ್ನು ಒಂದು ಲಿನಕ್ಸ್ ವಿಎಂಗೆ ಕೊಟ್ಟು ಸಣ್ಣ ಭಾಷಾ ಮಾಡೆಲ್ ಓಡಿಸಿದೆ. 800 ಕೋಟಿ ಪ್ಯಾರಾಮೀಟರ್‌ನದ್ದು ನಾಲ್ಕು ಬಿಟ್‌ಗೆ ಇಳಿಸಿದರೆ 12 ಜಿಬಿಯಲ್ಲಿ ಆರಾಮ. ಕನ್ನಡದಲ್ಲಿ ಎಸ್ಟಿಮೇಟ್ ಪತ್ರ ಬರೆಸಿದೆ. ಅದನ್ನು ಓದಿದ ಮೇಸ್ತ್ರಿ "ಇದು ಯಾವ ಊರ ಕನ್ನಡ ಸರ್?" ಅಂತ ಕೇಳಿದ. ಆ ವಿಎಂ ಹಾಗೇ ಇದೆ, ಬ್ಲೆಂಡರ್ ರೆಂಡರ್‌ಗೆ ಬಳಸುತ್ತೇನೆ.

ಬಯೋಸ್ ಅಪ್‌ಡೇಟ್ ಮಾತ್ರ ಮಾಡಿಲ್ಲ. ಗ್ರೂಪ್‌ಗಳು, ಪಿಸಿಐ ಅಡ್ರೆಸ್‌ಗಳು ಅದರ ಜೊತೆ ಬದಲಾಗಬಹುದು, ಐಒಎಂಎಂಯು ಸೆಟ್ಟಿಂಗೂ ಹಳೇದಕ್ಕೆ ಹೋಗಬಹುದು. ಮುಂದೆ 1660 ಮಾರಿ ಇನ್ನೊಂದು 3060 ಹಾಕಬೇಕು. ಕೆಳಗಿನ ಸ್ಲಾಟ್‌ನಲ್ಲಿ ಎರಡು ಫ್ಯಾನಿನ ಕಾರ್ಡ್ ಎಸ್‌ಎಂಪಿಎಸ್‌ಗೆ ತಾಗುತ್ತದೋ ಅಂತ ಮೊದಲು ಟೇಪ್ ಹಿಡಿದು ನೋಡಬೇಕು.