ಮಾತ್ರೆ ನೀರಿನ ಜೊತೆ, ಗ್ರೀನ್ ಟೀ ನಾಲ್ಕು ಗಂಟೆಗೆ

ಮುಂಬೈ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ನಾನು 22 ವರ್ಷದಿಂದ ಗಲ್ಲಾದಲ್ಲಿ ಕೂರುವವನು. ಚಾ ಕೇಳುವ ಅಗತ್ಯವೇ ಇಲ್ಲ, ಕಣ್ಣೆತ್ತಿದರೆ ಸಾಕು, ಹುಡುಗ ಕಟಿಂಗ್, ಅಂದರೆ ಅರ್ಧ ಗ್ಲಾಸ್ ಚಾ, ತಂದಿಡುತ್ತಾನೆ. ಹೋದ ವರ್ಷ ಮಗಳು ಒಂದು ಡಬ್ಬಿ ಗ್ರೀನ್ ಟೀ ತಂದು, "ಅಪ್ಪಾ, ಆ ಸಕ್ಕರೆ ಪಾಕ ಬಿಟ್ಟು ಇದನ್ನು ಕುಡಿಯಿರಿ, ಬಿಪಿಗೂ ಒಳ್ಳೆಯದು" ಅಂದಳು. ರುಚಿ ಏನೂ ಹಿಡಿಸಲಿಲ್ಲ. ಆದರೆ ಮಗಳು ಕೊಟ್ಟದ್ದು ಅಲ್ವಾ, ಕುಡಿದೆ.

ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದರೆ ಸೀಟು ಸಿಗುತ್ತದೆ. ಕೂತ ಮೇಲೆ ಫ್ಲಾಸ್ಕ್ ತೆಗೆಯುವುದು, ಶರ್ಟಿನ ಜೇಬಿನಿಂದ ಮಾತ್ರೆ ತೆಗೆಯುವುದು, ಆ ಬಿಸಿ ಗ್ರೀನ್ ಟೀ ಜೊತೆಗೇ ನುಂಗುವುದು. ಬಿಪಿಯ ಮಾತ್ರೆ, ಲಿಸಿನೊಪ್ರಿಲ್ 10 ಮಿಲಿಗ್ರಾಂ. ಮೊದಲೆಲ್ಲ ಮನೆಯಲ್ಲೇ ನೀರಲ್ಲಿ ನುಂಗಿ ಹೊರಡುತ್ತಿದ್ದೆ. ಫ್ಲಾಸ್ಕ್ ಬಂದ ಮೇಲೆ ಒಂದು ಕೆಲಸ ಕಡಿಮೆಯಾಯಿತು ಅಂದುಕೊಂಡೆ.

ಮೂರು ನಾಲ್ಕು ತಿಂಗಳು ಕಳೆದಿರಬೇಕು. ತಪಾಸಣೆಗೆ ಹೋದರೆ ಬಿಪಿ 152/94. ಮತ್ತೆ ಹದಿನೈದು ದಿನಕ್ಕೆ 150/92. ಡಾಕ್ಟರ್ ಮರಾಠಿಯವರು, ಕಡಿಮೆ ಮಾತು. ಡೋಸ್ ಹೆಚ್ಚಿಸಲು ಪೆನ್ನು ಹಿಡಿದವರು ಸುಮ್ನೆ ಕೇಳಿದರು: "ಗೋಳೀ ಕಶಾಬರೋಬರ್ ಘೇತಾ?" ಮಾತ್ರೆ ಯಾವುದರ ಜೊತೆ ತೆಗೆದುಕೊಳ್ಳುತ್ತೀರಿ ಅಂತ. ಹೇಳಿದೆ. ಪೆನ್ನು ಕೆಳಗಿಟ್ಟರು. ಗ್ರೀನ್ ಟೀ ಈ ಮಾತ್ರೆಯನ್ನು ರಕ್ತಕ್ಕೆ ಸೇರದಂತೆ ತಡೆಯಬಹುದು ಅಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಬೈಗುಳ ಬೇರೆ. "ಎಂತ ಮಾರಾಯ್ರೇ, ಮಾತ್ರೆಯನ್ನು ಯಾರಾದರೂ ಕಷಾಯದಲ್ಲಿ ನುಂಗುತ್ತಾರಾ?" ಅವಳ ಪ್ರಕಾರ ಹಾಲು ಹಾಕದ್ದೆಲ್ಲ ಕಷಾಯವೇ.

ಡಾಕ್ಟರ್ ಹೇಳಿದ್ದನ್ನು ಆಮೇಲೆ ನಾನೂ ಓದಿ ನೋಡಿದೆ. ಜಪಾನಿನ ಫುಕುಶಿಮಾ ಮೆಡಿಕಲ್ ಯೂನಿವರ್ಸಿಟಿಯವರು 2014ರಲ್ಲಿ ನಾಡೊಲಾಲ್ ಎಂಬ ಬಿಪಿ ಮಾತ್ರೆಯನ್ನು 10 ಜನ ಆರೋಗ್ಯವಂತರಿಗೆ ಕೊಟ್ಟು ನೋಡಿದ್ದರು. ಎರಡು ವಾರ ದಿನಕ್ಕೆ 700 ಮಿಲಿ ಗ್ರೀನ್ ಟೀ ಕುಡಿಸಿ, ಆಮೇಲೆ ಮಾತ್ರೆ. ನೀರು ಕುಡಿದಾಗ ರಕ್ತಕ್ಕೆ ಸೇರುತ್ತಿದ್ದ ಮಾತ್ರೆಯಲ್ಲಿ ಸುಮಾರು 85 ಶೇಕಡಾ ನಾಪತ್ತೆ! 700 ಮಿಲಿ ಅಂದರೆ ನಮ್ಮ ಕಟಿಂಗ್ ಗ್ಲಾಸಿನಲ್ಲಿ ಎಂಟೊಂಬತ್ತು. ಜಾಸ್ತಿಯೇ, ಆದರೆ ಕುಡಿಯಲಾರದಷ್ಟೇನಲ್ಲ. ನನ್ನ ಲಿಸಿನೊಪ್ರಿಲ್ ಮೇಲೂ ಜಪಾನಿನಲ್ಲೇ ಪರೀಕ್ಷೆ ಆಗಿದೆ. ಅಲ್ಲಿ ಚಹಾದ ಬದಲು ಅದರ ಸಾರ ಕೊಟ್ಟಿದ್ದರು. ರಕ್ತಕ್ಕೆ ಸೇರಿದ ಮಾತ್ರೆ ಅರ್ಧಕ್ಕಿಂತಲೂ ಕಡಿಮೆ.

ನಾಡೊಲಾಲ್‌ನಲ್ಲಿ ಏನಾಗುತ್ತದೆ ಅಂತ ಆ ಜಪಾನಿನವರು ಕೊಟ್ಟ ವಿವರಣೆ ಲೋಕಲ್‌ನಲ್ಲಿ ಓಡಾಡುವವರಿಗೆ ಬೇಗ ಅರ್ಥವಾಗುತ್ತದೆ. ಕರುಳಿನ ಗೋಡೆಯಲ್ಲಿ ಮಾತ್ರೆಯನ್ನು ಒಳಗೆ ಸಾಗಿಸುವ ಪ್ರೋಟೀನುಗಳಿವೆ, ಬಾಗಿಲಿನ ಹಾಗೆ. ಗ್ರೀನ್ ಟೀಯಲ್ಲಿರುವ ಕ್ಯಾಟೆಚಿನ್ ಎಂಬ ಅಂಶ ಅಲ್ಲಿ ಅಡ್ಡ ನಿಲ್ಲುತ್ತದೆ. ದಾದರ್‌ನಲ್ಲಿ ಇಳಿಯುವುದೂ ಇಲ್ಲದೆ, ಒಳಗೂ ಹೋಗದೆ ಬಾಗಿಲಲ್ಲೇ ಜೋತು ಬೀಳುವವರಿಲ್ಲವೇ, ಹಾಗೆ. ಹತ್ತಬೇಕಾದವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ.

ಡೋಸ್ ಈಗಲೇ ಬದಲಿಸುವುದು ಬೇಡ, ಒಂದು ತಿಂಗಳು ಬಿಪಿ ಬರೆದುಕೊಂಡು ಬನ್ನಿ ಅಂದರು ಡಾಕ್ಟರ್. ಮಾತ್ರೆ ಮನೆಯಲ್ಲಿ ಆರು ಗಂಟೆಗೆ, ನೀರಿನ ಜೊತೆ. ಗ್ರೀನ್ ಟೀ ಬೇಕೇ ಬೇಕು ಅಂದರೆ ಸಂಜೆ ನಾಲ್ಕಕ್ಕೆ, ಒಂದೇ ಕಪ್. ಇಷ್ಟೇ ನಾನು ಮಾಡಿದ ಬದಲಾವಣೆ.

ಕಷ್ಟವಾದದ್ದು ಅಳೆಯುವುದು. ಮೆಷಿನ್ ಇತ್ತು, ತೋಳಿಗೆ ಪಟ್ಟಿ ಸುತ್ತುವಂಥದ್ದು, ಆದರೆ ನಾನು ಅಳೆಯುತ್ತಿದ್ದ ರೀತಿಯೇ ತಪ್ಪು. ಮೂರು ಮಹಡಿ ಹತ್ತಿ ಬಂದು, ಚಪ್ಪಲಿ ಬಿಚ್ಚಿ, ಹಾಗೇ ಮಂಚದ ಮೇಲೆ ಕೂತು ಪಟ್ಟಿ ಕಟ್ಟುವುದು. 160 ಬರದೆ ಇನ್ನೇನು? ಡಾಕ್ಟರ್ ಕೈ ಹಿಡಿದು ತೋರಿಸಿದರು. ಚಾ, ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಮಾತಿಲ್ಲದೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ. ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಆ ಎತ್ತರಕ್ಕೆ ಸರಿಯಾಗಿ ಸಿಕ್ಕಿದ್ದು ಹೆಂಡತಿಯ ಹೊಲಿಗೆ ಮೆಷಿನಿನ ಹಲಗೆ. ಅದರ ಮೇಲೆ ಟವೆಲ್ ಮಡಚಿಟ್ಟು, ಕೈ ಚಾಚಿ ಕೂರುತ್ತಿದ್ದೆ. ಒಮ್ಮೆ ಅಳೆದು, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಎರಡನ್ನೂ ಹೋಟೆಲಿನ ಹಳೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಬೆಳಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ. ಆ ಐದು ನಿಮಿಷ ಮಾತಾಡದೆ ಕೂರುವುದಿದೆಯಲ್ಲ, ಅದೇ ದೊಡ್ಡ ವ್ರತ. ಹೆಂಡತಿ ಅದೇ ಹೊತ್ತಿಗೆ ಗ್ಯಾಸ್ ಬುಕ್ ಮಾಡಿದಿರಾ ಅಂತ ಕೇಳುತ್ತಿದ್ದಳು.

ಮನೆಯಲ್ಲಿ ಅಳೆದರೆ 135/85ಕ್ಕಿಂತ ಕೆಳಗಿರಬೇಕು ಅಂತ ಲೆಕ್ಕ. ಮೊದಲ ವಾರ 145ರ ಆಸುಪಾಸು. ಮೂರನೇ ವಾರಕ್ಕೆ 136, 134. ತಿಂಗಳು ಮುಗಿಯುವಾಗ ಒಂದೆರಡು ದಿನ 130 ಕೂಡ ಕಂಡಿತು.

ಇದೆಲ್ಲ ಗ್ರೀನ್ ಟೀ ಸರಿಸಿದ್ದರಿಂದಲೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅದೇ ತಿಂಗಳು ಹೆಂಡತಿ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದಳು, ಹಪ್ಪಳ ನಿಲ್ಲಿಸಿದಳು. ಅಳೆಯುವ ರೀತಿಯೂ ಬದಲಾಯಿತು. ಮಾತ್ರೆಯ ಹೊತ್ತು ಕೂಡ ಈಗ ದಿನವೂ ಒಂದೇ. ಮೊದಲು ಸೀಟು ಸಿಗದ ದಿನ ಮಾತ್ರೆ ಜೇಬಿನಲ್ಲೇ ಉಳಿದದ್ದೂ ಉಂಟು, ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಮತ್ತೆ ಒಂದು ವಾರ ಗ್ರೀನ್ ಟೀ ಜೊತೆ ನುಂಗಿ ನೋಡಿದರೆ ಗೊತ್ತಾಗುತ್ತದೆ ಅಂದೆ. ಹೆಂಡತಿ ನೋಡಿದ ನೋಟಕ್ಕೆ ಆ ಪರೀಕ್ಷೆ ಅಲ್ಲೇ ಮುಗಿಯಿತು.

ಗ್ರೀನ್ ಟೀ ಬಿಪಿ ಇಳಿಸುತ್ತದೆ ಅಂತ ಮಗಳು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಎಷ್ಟೋ ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದವರಿಗೆ ಮೇಲಿನ ಅಂಕಿಯಲ್ಲಿ ಎರಡು ಪಾಯಿಂಟ್‌ನಷ್ಟು ಇಳಿತ ಕಂಡಿದೆ. ಆ ಎರಡು ಪಾಯಿಂಟ್‌ಗಾಗಿ ಮಾತ್ರೆಯನ್ನೇ ಅರ್ಧ ಕಳೆದುಕೊಳ್ಳುವುದು ನನ್ನ ಗಲ್ಲಾದ ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಹೋಟೆಲಿನಲ್ಲಿ ಇದನ್ನು ಹೇಳಿದ್ದೇ ತಡ, ಅಡುಗೆ ಭಟ್ಟರು ಹೆದರಿಬಿಟ್ಟರು. ಅವರದ್ದು ಅಮ್ಲೋಡಿಪಿನ್. "ನನ್ನ ಮಾತ್ರೆಯೂ ಹೋಯಿತಾ ಹಾಗಾದರೆ?" ಅಂದರು. ಅದು ಬೇರೆ ಜಾತಿಯ ಮಾತ್ರೆ, ನನ್ನದರ ಲೆಕ್ಕ ಅದಕ್ಕೆ ಹಚ್ಚಬೇಡಿ, ಮಾತ್ರೆಗಳ ಪಟ್ಟಿ ಹಿಡಿದು ನಿಮ್ಮ ಡಾಕ್ಟರನ್ನೇ ಕೇಳಿ ಅಂದೆ. ಕೇಳಿ ಬಂದರು. ಅವರ ಎರಡು ಕಪ್ ಗ್ರೀನ್ ಟೀಗೆ ತೊಂದರೆ ಇಲ್ಲವಂತೆ. ನನಗೆ ಮಾತ್ರ ನನ್ನ ಡಾಕ್ಟರಿಂದ ಇನ್ನೊಂದು ತಾಕೀತು ಸಿಕ್ಕಿತು: ಬೊಂಡದ ನೀರು, ಅಂದರೆ ಎಳನೀರು, ದಿನಾ ಬೇಡ. ಲಿಸಿನೊಪ್ರಿಲ್ ಮೈಯಲ್ಲಿ ಪೊಟ್ಯಾಶಿಯಮ್ ಉಳಿಸಿಕೊಳ್ಳುತ್ತದೆ, ಬೊಂಡದಲ್ಲೂ ಅದೇ ತುಂಬಿದೆ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲೂ ಅದೇ ಕತೆ. ಉಡುಪಿಯವನಿಗೆ ಬೊಂಡ ಬೇಡ ಅನ್ನುವುದು ಸಣ್ಣ ಮಾತಲ್ಲ.

ಬಿಲ್ ಪುಸ್ತಕ ನೋಡಿ ಡಾಕ್ಟರ್ ಡೋಸ್ ಹಾಗೇ 10ರಲ್ಲೇ ಇಟ್ಟರು. ಮೂರು ತಿಂಗಳ ನಂತರ ಬನ್ನಿ ಅಂದರು. ಉಪ್ಪಿನಕಾಯಿ ಭರಣಿ ಇನ್ನೂ ಅಟ್ಟದ ಮೇಲೆಯೇ ಇದೆ.