‘ಫಿಟ್ಸ್ ಬಂತು’ ಅಂದಾಗ ನಾನು ಮೊದಲು ಕೇಳುವುದು

ಫಿಟ್ಸ್ ಬಂತು ಅಂತ ಯಾರನ್ನಾದರೂ ಕರೆತಂದರೆ, ಅವರ ಉಸಿರು, ನಾಡಿ, ಶುಗರ್ ಸರಿಯಿದೆ ಅಂತ ಗೊತ್ತಾದ ಕೂಡಲೇ ನಾನು ಹುಡುಕುವುದು ಕಣ್ಣಾರೆ ನೋಡಿದವರನ್ನು. ಬಿದ್ದವರಿಗೆ ಏನೂ ನೆನಪಿರುವುದಿಲ್ಲ. ಜೊತೆಗೆ ಬಂದ ಅಣ್ಣನೋ ಮಾವನೋ ಸುದ್ದಿ ಕೇಳಿ ಆಮೇಲೆ ಓಡಿ ಬಂದವರು. ನಿಜವಾಗಿ ನೋಡಿದವರು ಹೊಸನಗರದ ಕಡೆ ಯಾವುದೋ ತೋಟದಲ್ಲಿ ಉಳಿದಿರುತ್ತಾರೆ, ಇಲ್ಲಾ ಬಸ್ ಕಂಡಕ್ಟರ್ ಆಗಿರುತ್ತಾರೆ. ಅವರಿಗೆ ಫೋನ್ ಮಾಡಿಸುತ್ತೇನೆ. ನಮ್ಮ ಕಡೆ ನೆಟ್‌ವರ್ಕ್ ಸಿಗುವುದೇ ಪುಣ್ಯ, ಆದರೆ ಸಿಕ್ಕರೆ ಆ ಮಾತುಕತೆ ಎಷ್ಟೋ ಸಲ ತಲೆಯ ಸ್ಕ್ಯಾನಿಂಗ್‌ಗಿಂತ ಜಾಸ್ತಿ ಹೇಳುತ್ತದೆ.

ನಾನು ತೀರ್ಥಹಳ್ಳಿ ಕಡೆಯ ವೈದ್ಯ, ನರರೋಗ ತಜ್ಞನಲ್ಲ. ತಜ್ಞರು ಬೇಕು ಅಂದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕು. ಆದರೆ ಮೊದಲು ನೋಡುವವರು ನಮ್ಮಂಥವರೇ. ಚೀಟಿಯಲ್ಲಿ ಒಮ್ಮೆ ಮೂರ್ಛೆರೋಗ ಅಂತ ಬರೆದರೆ ವರ್ಷಗಟ್ಟಲೆ ಮಾತ್ರೆ, ಗಾಡಿ ಓಡಿಸುವಂತಿಲ್ಲ, ಮರ ಹತ್ತುವಂತಿಲ್ಲ, ಹೆಣ್ಣುಮಕ್ಕಳಾದರೆ ಬಂದ ಸಂಬಂಧ ಹಿಂದೆ ಹೋಗುತ್ತದೆ. ಹಾಗಾಗಿ ಬರೆಯಲು ನಾನು ಅವಸರ ಮಾಡುವುದಿಲ್ಲ.

‘ಫಿಟ್ಸ್ ಬಂತಾ’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ಹಾಗೆ ಕೇಳುವುದಿಲ್ಲ. ಬೀಳುವ ಮೊದಲು ನಿಂತಿದ್ದರಾ, ಕೂತಿದ್ದರಾ? ಮುಖ ಬಿಳಿಚಿತ್ತಾ, ನೀಲಿಯಾಗಿತ್ತಾ? ಕಣ್ಣು ತೆರೆದಿತ್ತಾ? ಎಚ್ಚರವಾದ ಮೇಲೆ ನಿಮ್ಮ ಗುರುತು ಹಿಡಿದರಾ? ಕೈಕಾಲು ಹೇಗೆ ಅದುರಿತು ಅಂತ ಮಾಡಿ ತೋರಿಸಿ ಅಂತೀನಿ. ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಚೆನ್ನಾಗಿಯೇ ತೋರಿಸುತ್ತಾರೆ. ಎಷ್ಟು ಹೊತ್ತು ಅಂದರೆ ಮಾತ್ರ ಎಲ್ಲರದ್ದೂ ಅರ್ಧ ಗಂಟೆ. ಗಾಬರಿಯಲ್ಲಿ ಹಾಗನ್ನಿಸುತ್ತದೆ, ಬೈಯುವಂತಿಲ್ಲ. ಅಷ್ಟರಲ್ಲಿ ನೀವೇನು ಮಾಡಿದಿರಿ ಅಂತ ಕೇಳಿದರೆ, ಒಳಗೆ ಹೋಗಿ ಬೀಗದ ಕೈ ತಂದೆ, ಬರುವಷ್ಟರಲ್ಲಿ ನಿಂತಿತ್ತು ಅನ್ನುತ್ತಾರೆ. ಅಲ್ಲಿಗೆ ಒಂದೋ ಎರಡೋ ನಿಮಿಷ. ಈ ಕಬ್ಬಿಣದ ಕೀಲಿಗೆ ಇಷ್ಟು ಹೆಸರು ಬಂದಿದ್ದೂ ಹೀಗೇ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ, ಕೀಲಿ ಕೈಗೆ ಬರುವುದೂ ಅದೇ ಹೊತ್ತಿಗೆ.

ಜಾಸ್ತಿ ಗೊಂದಲವಾಗುವುದು ಸಾದಾ ತಲೆ ಸುತ್ತಿ ಬೀಳುವವರಲ್ಲಿ. ಬೆಳಿಗ್ಗೆ ತಿಂಡಿ ತಿನ್ನದೆ ಶಾಲೆಗೆ ಹೋದ ಹುಡುಗಿ ಪ್ರಾರ್ಥನೆಗೆ ನಿಂತಲ್ಲೇ ಬಿದ್ದಳು, ಕೈಕಾಲು ನಾಲ್ಕು ಸಲ ಜಗ್ಗಿತು, ಮೇಷ್ಟ್ರು ಫಿಟ್ಸ್ ಅಂದರು, ಮನೆಯವರು ಅಳುತ್ತಾ ಬಂದರು. ಅವಳನ್ನೇ ಕೇಳಿದರೆ, ‘ಬೆವರು ಬಂತು ಡಾಕ್ಟ್ರೇ, ಕಣ್ಣು ಕತ್ತಲೆ ಬಂತು, ಕಿವಿ ಗುಂಯ್ ಅಂತು’ ಅಂದಳು. ಗೆಳತಿಯರ ಪ್ರಕಾರ ಮುಖ ಸುಣ್ಣದ ಹಾಗಿತ್ತು, ಮಲಗಿಸಿದ ಕೂಡಲೇ ಎದ್ದು ಮಾತಾಡಿದಳು. ಮಿದುಳಿಗೆ ರಕ್ತ ಒಂದು ಕ್ಷಣ ಕಡಿಮೆಯಾದರೂ ಮೈ ಹೀಗೆ ಜಗ್ಗಬಹುದು. ಅದು ಕೆಲವೇ ಸೆಕೆಂಡ್, ಮೂರ್ಛೆರೋಗ ಅಲ್ಲ.

ನಿಜವಾದ ದೊಡ್ಡ ಫಿಟ್ಸ್‌ನಲ್ಲಿ ಮೈ ಮೊದಲು ಸೆಟೆಯುತ್ತದೆ, ಕೆಲವರು ಒಮ್ಮೆ ಕಿರುಚುತ್ತಾರೆ, ಕಣ್ಣು ತೆರೆದೇ ಇರುತ್ತದೆ, ಮುಖ ನೀಲಿಯಾಗುತ್ತದೆ, ಆಮೇಲೆ ಒಂದೇ ಲಯದಲ್ಲಿ ಅದುರಿ ನಿಧಾನವಾಗಿ ನಿಲ್ಲುತ್ತದೆ. ಎದ್ದ ಮೇಲೆ ಎಷ್ಟೋ ಹೊತ್ತು ಮಂಕು, ನಿದ್ದೆ, ಮೈಕೈ ನೋವು. ಬಟ್ಟೆಯಲ್ಲಿ ಮೂತ್ರ ಹೋಗಿದೆ ಅಂತ ಜನ ಅದನ್ನೇ ದೊಡ್ಡ ಸಾಕ್ಷಿ ಮಾಡುತ್ತಾರೆ, ಆದರೆ ತಲೆ ಸುತ್ತಿ ಬಿದ್ದವರಿಗೂ ಹೋಗಬಹುದು. ನಾನು ಬಾಯಿ ತೆಗೆಸಿ ನಾಲಿಗೆ ನೋಡುತ್ತೇನೆ. ಪಕ್ಕದಲ್ಲಿ ಕಚ್ಚಿದ್ದರೆ ಫಿಟ್ಸ್ ಇರಬಹುದು ಅನ್ನುವ ಅನುಮಾನ ಗಟ್ಟಿಯಾಗುತ್ತದೆ.

ಹದಿಹರೆಯದವರಿಗೆ ಒಂದು ಪ್ರಶ್ನೆ ಬಿಡುವುದೇ ಇಲ್ಲ. ಬೆಳಿಗ್ಗೆ ಎದ್ದ ಮೇಲೆ ಕೈ ಜಗ್ಗಿ ಕಾಫಿ ಲೋಟ ಹಾರುತ್ತದಾ? ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಿನ ಜಾವ ಬಿದ್ದ ಹುಡುಗನೊಬ್ಬ ಹೌದು ಅಂದ. ಅಜಾಗರೂಕ ಅಂತ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದನಂತೆ ಪಾಪ. ಅದು ಒಂದು ಬಗೆಯ ಮೂರ್ಛೆರೋಗವೇ, ನಿದ್ದೆಗೆಟ್ಟರೆ ಕೆರಳುತ್ತದೆ.

ಶುಗರ್ ಮಾತ್ರೆ ನುಂಗಿ ಊಟ ಬಿಟ್ಟ ವಯಸ್ಸಾದವರು ಬಿದ್ದು ಅದುರುವುದನ್ನು ಬೇಕಾದಷ್ಟು ನೋಡಿದ್ದೇನೆ, ಗ್ಲುಕೋಮೀಟರ್ ಅದಕ್ಕೇ ಕೈಯಲ್ಲೇ ಇರುತ್ತದೆ. ಇಸಿಜಿಯನ್ನೂ ಎಲ್ಲರಿಗೂ ಮಾಡಿಸುತ್ತೇನೆ. ಓಡುವಾಗ ಬಿದ್ದ ಹುಡುಗ, ನಾಡಿ ತೀರಾ ನಿಧಾನವಾದ ಅಜ್ಜ, ಇವರಲ್ಲಿ ತೊಂದರೆ ಹೃದಯದ್ದಿರಬಹುದು. ಇದನ್ನು ಫಿಟ್ಸ್ ಅಂತ ಮಾತ್ರೆ ಕೊಟ್ಟು ಕಳಿಸಿದರೆ ಜೀವಕ್ಕೇ ಅಪಾಯ. ಜ್ವರದ ಜೊತೆ ದೊಡ್ಡವರಿಗೆ ಫಿಟ್ಸ್ ಬಂದರೆ ಈ ಲೆಕ್ಕಾಚಾರವೆಲ್ಲ ಬದಿಗೆ, ಕೂಡಲೇ ದೊಡ್ಡಾಸ್ಪತ್ರೆ. ಬೇಸಿಗೆಯಲ್ಲಾದರೆ ಕಾಡಿಗೆ ಹೋಗಿದ್ದರಾ ಅಂತಲೂ ಕೇಳುತ್ತೇನೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ಮಂಗನ ಕಾಯಿಲೆ ಮಿದುಳಿಗೂ ಏರಬಹುದು.

ಕಷ್ಟದ್ದು ಇನ್ನೊಂದಿದೆ. ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ತಲೆ ಆ ಕಡೆ ಈ ಕಡೆ ಹೊರಳುತ್ತದೆ, ನಿಂತು ನಿಂತು ಮತ್ತೆ ಶುರುವಾಗುತ್ತದೆ, ಕಾಲು ಗಂಟೆಯಾದರೂ ಮುಗಿಯುವುದಿಲ್ಲ. ಮನಸ್ಸಿನ ಒತ್ತಡ ಮೈಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ‘ನಾಟಕ ಮಾಡ್ತಾಳೆ ಡಾಕ್ಟ್ರೇ’ ಅಂತ ಅತ್ತೆ ಅಂದರೆ ಅವರನ್ನು ಹೊರಗೆ ಕೂರಿಸಿ ಸೊಸೆಯ ಹತ್ತಿರ ಮಾತಾಡುತ್ತೇನೆ. ಬೇಕೆಂದು ಮಾಡುವುದಲ್ಲ ಇದು. ಫಿಟ್ಸ್ ಮಾತ್ರೆಗೆ ಬಗ್ಗುವುದಿಲ್ಲ, ಆಪ್ತ ಸಮಾಲೋಚನೆಗೆ ಬಗ್ಗುತ್ತದೆ. ಒಬ್ಬರಲ್ಲೇ ಎರಡೂ ಇರಬಹುದು, ಅದಕ್ಕೇ ಮುಂದಿನ ಸಲ ಮೊಬೈಲಲ್ಲಿ ವಿಡಿಯೋ ಮಾಡಿ ಅಂತೀನಿ. ಬರೀ ಮುಖವಲ್ಲ, ಪೂರ್ತಿ ಮೈ ಕಾಣಬೇಕು, ನಿಂತ ಮೇಲೂ ಸ್ವಲ್ಪ ಹೊತ್ತು ತೆಗೆಯಬೇಕು. ಒಬ್ಬರು ವಿಡಿಯೋ ತೆಗೆಯಲಿ, ಇನ್ನೊಬ್ಬರು ಮಗ್ಗುಲಿಗೆ ಮಲಗಿಸಲಿ. ಐದು ನಿಮಿಷ ದಾಟಿದರೆ ವಿಡಿಯೋ ಬಿಟ್ಟು ಆಸ್ಪತ್ರೆಗೆ ಹೊರಡಿ.

ಇಇಜಿ ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ. ‘ಇಇಜಿ ನಾರ್ಮಲ್ ಬಂದಿದೆಯಲ್ಲ, ಫಿಟ್ಸ್ ಇಲ್ಲ ತಾನೇ?’ ಅಂತ ಕೇಳುವವರು ತುಂಬ. ಮೂರ್ಛೆರೋಗ ಇರುವ ಸುಮಾರು ಅರ್ಧದಷ್ಟು ಜನರಲ್ಲಿ ಮೊದಲ ಇಇಜಿ ನಾರ್ಮಲ್ಲೇ ಬರುತ್ತದೆ.

ಮರ ಹತ್ತಿ ಅಡಿಕೆ ಕೊನೆ ತೆಗೆಯುವ ಒಬ್ಬರಿದ್ದರು. ಬೇರೆಲ್ಲೋ ತೋರಿಸಿ ವರ್ಷಗಳಿಂದ ಫಿಟ್ಸ್ ಮಾತ್ರೆ ನುಂಗುತ್ತಿದ್ದರು. ಹೆಂಡತಿಯನ್ನು ಕೇಳಿದರೆ, ಬಿದ್ದಿದ್ದೆಲ್ಲ ರಾತ್ರಿ ಕುಡಿದು ಮಲಗಿ, ನಡುವೆ ಎದ್ದು ಹೊರಗೆ ನಿಂತು ಮೂತ್ರ ಮಾಡುವಾಗಲೇ. ಆಗ ಬಿ.ಪಿ. ಕುಸಿದು ಬೀಳುವುದುಂಟು. ಇಸಿಜಿ ಸರಿಯಿತ್ತು. ತಜ್ಞರಿಗೆ ತೋರಿಸಿ, ಅವರು ಹೇಳಿದ ಹಾಗೆ ಮಾತ್ರೆಯನ್ನು ನಿಧಾನವಾಗಿ ಇಳಿಸಿದೆವು, ಥಟ್ಟನೆ ಬಿಡುವಂತಿಲ್ಲ. ಕುಡಿಯಬೇಡಿ, ರಾತ್ರಿ ಕೂತು ಮೂತ್ರ ಮಾಡಿ ಅಂದೆ. ಈ ಕೊಯ್ಲಿಗೆ ಮರ ಹತ್ತಬಹುದಾ ಅಂದರು. ಮಾತ್ರೆ ಪೂರ್ತಿ ನಿಂತು ಕೆಲವು ತಿಂಗಳು ಕಳೆಯಲಿ ಅಂದೆ. ‘ಹಂಗಾದ್ರೆ ಈ ವರ್ಷ ನೆಲದ ಮೇಲೆ ನಿಂತು ದೋಟೀನೇ ಸೈ’ ಅಂತ ಗೊಣಗಿಕೊಂಡು ಹೋದರು.