ಗ್ಯಾರೇಜ್ ಪ್ರೆಸ್‌ನಲ್ಲಿ ಚರ್ಮದ ಕೆಲಸ: ಡೈ ಕತ್ತರಿಕೆ, ಅಚ್ಚೊತ್ತುವಿಕೆ

ಬೇರಿಂಗ್, ಬುಷ್ ಕೂರಿಸಲು ಗ್ಯಾರೇಜುಗಳಲ್ಲಿ ಇಟ್ಟುಕೊಳ್ಳುವ ಎಚ್-ಫ್ರೇಮ್ ಹೈಡ್ರಾಲಿಕ್ ಪ್ರೆಸ್ (ಎಚ್ ಆಕಾರದ ಚೌಕಟ್ಟಿನಲ್ಲಿ ಎಣ್ಣೆಯ ಜಾಕಿಯಿಂದ ಒತ್ತುವ ಯಂತ್ರ) ಚರ್ಮದ ಕೆಲಸಕ್ಕೂ ಒದಗುತ್ತದೆ. ಚಪ್ಪಲಿಯ ಅಟ್ಟೆ, ಪರ್ಸಿನ ತುಂಡು, ಬೆಲ್ಟಿನ ತುದಿಗಳನ್ನು ಡೈಯಿಂದ (ಬೇಕಾದ ಆಕಾರದ ಉಕ್ಕಿನ ಅಲಗು) ಕತ್ತರಿಸಬಹುದು. ಹೆಸರು, ಹೂಬಳ್ಳಿಗಳ ಅಚ್ಚು ಒತ್ತಬಹುದು. ಆದರೆ ಈ ಯಂತ್ರವನ್ನು ಮಾಡಿರುವುದು ಒಂದೇ ಕಡೆ ಬಲ ಹಾಕಲು. ಚರ್ಮಕ್ಕೆ ಬೇಕಾದದ್ದು ಅಂಗೈಯಗಲಕ್ಕೂ ಒಂದೇ ಸಮನಾದ ಒತ್ತಡ. ಈ ಅಂತರ ತುಂಬದಿದ್ದರೆ ಎಷ್ಟು ಟನ್ನಿನ ಪ್ರೆಸ್ ತಂದರೂ ಡೈ ಒಂದು ಮೂಲೆಯಲ್ಲಿ ಕತ್ತರಿಸುತ್ತದೆ, ಇನ್ನೊಂದರಲ್ಲಿ ಗೀರಿ ಬಿಡುತ್ತದೆ.

ಸಣ್ಣ ತುಂಡುಗಳಿಗೆ 12 ಟನ್ ಸಾಕು. ಆದರೂ 20 ಟನ್ನಿನದು ಕೊಳ್ಳುವುದು ಒಳ್ಳೆಯದು. ಆ ಬಲವೆಲ್ಲ ಬೇಕೆಂದಲ್ಲ, ಅದರ ಚೌಕಟ್ಟು ಗಟ್ಟಿ, ಒತ್ತಿದಾಗ ಕಡಿಮೆ ಬಾಗುತ್ತದೆ.

ಮೊದಲ ಖರ್ಚು ಪ್ಲೇಟುಗಳದು. 25 ಸೆಂ.ಮೀ. ಚೌಕದ, 25 ಮಿ.ಮೀ. ದಪ್ಪದ ಎರಡು ಎಂ.ಎಸ್. (ಮೆದು ಉಕ್ಕಿನ) ಪ್ಲೇಟು ಕೊಯ್ಯಿಸಿ, ಮೇಲ್ಮೈ ಸಮ ಮಾಡಿಸಿ. ಒಂದೊಂದೂ ಸುಮಾರು 12 ಕೆ.ಜಿ. ತೂಗುತ್ತದೆ. 10 ಮಿ.ಮೀ. ಪ್ಲೇಟು ಹಾಕಿ ಉಳಿಸಲು ಹೋಗಬೇಡಿ: ಅದು ನಡುವೆ ಬಾಗಿ, ಅಂಚುಗಳಲ್ಲಿ ಒತ್ತಡ ಕಳೆದುಕೊಳ್ಳುತ್ತದೆ. ಪ್ರೆಸ್‌ನ ಹಾಸು (ಕೆಲಸ ಇಡುವ ಜಾಗ) ಎರಡು ಚಾನೆಲ್‌ಗಳ (ಉಕ್ಕಿನ ತೊಲೆಗಳ) ನಡುವೆ ಖಾಲಿ ಇರುವುದರಿಂದ ಕೆಳಗಿನ ಪ್ಲೇಟು ಎರಡೂ ಚಾನೆಲ್ ಮೇಲೆ ಚೆನ್ನಾಗಿ ಕೂರಬೇಕು. ಪ್ರೆಸ್ ಜೊತೆ ಬರುವ ಕಚ್ಚುಳ್ಳ ಬೀಡುಕಬ್ಬಿಣದ ತುಂಡುಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಬೀಡು ಬಾಗುವುದಿಲ್ಲ, ಹೊರೆ ಮೀರಿದರೆ ಸಿಡಿಯುತ್ತದೆ. ಹಾಸಿನ ಪಿನ್ನುಗಳು ಎರಡೂ ಬದಿ ಪೂರ್ತಿ ಹೊಕ್ಕಿವೆಯೇ, ಒಂದೇ ಎತ್ತರದಲ್ಲಿವೆಯೇ ಎಂದು ಪ್ರತಿ ಸಲ ನೋಡಿ.

ಡೈ ಕತ್ತರಿಕೆಗೆ ಪೇರಿಸುವ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗೆ: ಪ್ಲೇಟು, 20 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆ, ನುಣುಪು ಮೇಲಾಗಿ ಚರ್ಮ, ಅಲಗು ಕೆಳಗಾಗಿ ಡೈ, ಅದರ ಬೆನ್ನಿಗೆ ಎರಡನೇ ಪ್ಲೇಟು. ಅಲಗು ಎಂದೂ ಉಕ್ಕಿಗೆ ತಾಗಬಾರದು. ಚರ್ಮ ಕತ್ತರಿಸುವ ಈ ಡೈಗಳು (ಕ್ಲಿಕರ್ ಡೈ) ಸಾಮಾನ್ಯವಾಗಿ 19 ಅಥವಾ 32 ಮಿ.ಮೀ. ಎತ್ತರದಲ್ಲಿ ಸಿಗುತ್ತವೆ. ಎರಡು ಬೇರೆ ಎತ್ತರದ ಡೈಗಳನ್ನು ಒಟ್ಟಿಗೆ ಇಟ್ಟು ಒತ್ತಿದರೆ ಎತ್ತರದ್ದು ಹಲಗೆಗೆ ಹೂತುಹೋಗುತ್ತದೆ, ಕುಳ್ಳನೆಯದು ಕತ್ತರಿಸುವುದೇ ಇಲ್ಲ.

ಕತ್ತರಿಸಲು ಬೇಕಾದ ಬಲ ತುಂಡಿನ ವಿಸ್ತೀರ್ಣದಿಂದಲ್ಲ, ಅಲಗಿನ ಒಟ್ಟು ಉದ್ದದಿಂದ ನಿರ್ಧಾರವಾಗುತ್ತದೆ. 10×10 ಸೆಂ.ಮೀ. ಚೌಕಕ್ಕೆ 40 ಸೆಂ.ಮೀ. ಅಲಗು. ಅಷ್ಟೇ ವಿಸ್ತೀರ್ಣದ 40×2.5 ಸೆಂ.ಮೀ. ಪಟ್ಟಿಗೆ 85 ಸೆಂ.ಮೀ.; ಎಂದರೆ ಎರಡು ಪಟ್ಟಿಗೂ ಹೆಚ್ಚು ಬಲ. ಅಷ್ಟು ಉದ್ದದ ಡೈ 25 ಸೆಂ.ಮೀ. ಪ್ಲೇಟಿನಿಂದ ಹೊರಗೂ ಚಾಚುತ್ತದೆ. ಬೆಲ್ಟಿಗೆ ತುದಿಯ ಡೈ ಮಾತ್ರ ಇಟ್ಟುಕೊಂಡು, ನೇರ ಅಂಚುಗಳನ್ನು ಪಟ್ಟಿ ಕೊಯ್ಯುವ ಚಾಕುವಿನಿಂದ ತೆಗೆಯುವುದೇ ಸರಿ.

ಡೈ ಜಾಕಿನ ನಡುಗೆರೆಯ ಕೆಳಗೇ ಇರಬೇಕು. ಎರಡು ಬೆರಳಷ್ಟು ಸರಿದರೂ ಮೇಲಿನ ಪ್ಲೇಟು ವಾಲುತ್ತದೆ. ಪ್ಲೇಟಿನ ಮೇಲೆ ಸೀಮೆಸುಣ್ಣದಿಂದ ಅಡ್ಡ-ಉದ್ದ ಗೆರೆ ಎಳೆದುಕೊಂಡರೆ ಪ್ರತಿ ಸಲ ಹುಡುಕಬೇಕಿಲ್ಲ. ಜಾಕಿನ ಒತ್ತಡ ಬಿಡುವ ವಾಲ್ವ್ ಮುಚ್ಚಿ, ಹ್ಯಾಂಡಲ್ ನಿಧಾನವಾಗಿ ಹೊಡೆಯಿರಿ. ಮೊದಲು ಸಡಿಲವಾಗಿ ಇಳಿಯುತ್ತದೆ, ಆಮೇಲೆ ಬಿಗಿಯಾಗುತ್ತ ಹೋಗುತ್ತದೆ. ಚರ್ಮ ತುಂಡಾದಾಗ ಸಣ್ಣ ‘ಟಕ್’ ಕೇಳಿಸಬಹುದು, ಕೈಗೂ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ‘ಇನ್ನೊಂದು ಹೊಡೆತ ಇರಲಿ’ ಎಂದರೆ ಅಲಗು ಹಲಗೆಯೊಳಗೆ ಇಳಿದು ಮೊಂಡಾಗುತ್ತದೆ, ಡೈ ಕೀಳಲು ಒದ್ದಾಡಬೇಕಾಗುತ್ತದೆ.

ಒಂದು ಮೂಲೆ ಕತ್ತರಿಸದಿದ್ದರೆ ಬಲ ಹೆಚ್ಚಿಸಬೇಡಿ. ಮೊದಲು ಹಲಗೆ ತಿರುಗಿಸಿ ನೋಡಿ. ಹಳೆಯ ಗೀರಿನೊಳಗೇ ಅಲಗು ಇಳಿಯುತ್ತಿರಬಹುದು. ದೋಷ ಹಲಗೆಯೊಂದಿಗೆ ಸುತ್ತಿದರೆ ಹಲಗೆಯದು, ಡೈಯೊಂದಿಗೆ ಸುತ್ತಿದರೆ ಡೈಯದು, ಎರಡನ್ನೂ ತಿರುಗಿಸಿದರೂ ಅಲ್ಲೇ ನಿಂತರೆ ಪ್ರೆಸ್‌ನದು. ಪ್ರೆಸ್‌ನದಾದರೆ ಆ ಮೂಲೆಯಲ್ಲಿ ಹಲಗೆಯ ಕೆಳಗೆ ಮದುವೆ ಕಾಗದದಷ್ಟು ದಪ್ಪದ ರಟ್ಟು ಸೇರಿಸಿ. ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ.

ಅಚ್ಚೊತ್ತುವ ಲೆಕ್ಕ ಬೇರೆ, ಇಲ್ಲಿ ವಿಸ್ತೀರ್ಣವೇ ಮುಖ್ಯ. ಚದರ ಸೆಂ.ಮೀ.ಗೆ 40 ಕೆ.ಜಿ.ಯಿಂದ ಶುರು ಮಾಡುವುದಾದರೆ 10×10 ಸೆಂ.ಮೀ. ಅಚ್ಚಿಗೆ 4 ಟನ್, 20×15 ಸೆಂ.ಮೀ. ಅಚ್ಚಿಗೆ 12 ಟನ್. ಮೊದಲು ಚೂರು ಚರ್ಮದ ಮೇಲೆ ನೋಡಿ, ಆಮೇಲೆ ಏರಿಸಿ. ಗೇಜ್ ಇಲ್ಲದ ಪ್ರೆಸ್ ಆದರೆ ಹ್ಯಾಂಡಲ್ ಬಿಗಿಯಾದ ಮೇಲೆ ಎಷ್ಟು ಹೊಡೆತ ಎಂದು ಬರೆದಿಟ್ಟುಕೊಳ್ಳಿ.

ಅಚ್ಚು ನಿಲ್ಲುವುದು ವೆಜಿಟೇಬಲ್ ಟ್ಯಾನ್ ಚರ್ಮದಲ್ಲಿ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗೆ ಬಳಸುವ, ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲೂ ಇದೇ ಜಾತಿಯದು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ಚರ್ಮ ಒತ್ತಿದಾಗ ಚೆನ್ನಾಗಿ ಕಂಡು, ಬಿಟ್ಟ ಮೇಲೆ ಮೆಲ್ಲಗೆ ಹಿಂದಕ್ಕೆ ಉಬ್ಬುತ್ತದೆ. 2.5ರಿಂದ 3 ಮಿ.ಮೀ. ದಪ್ಪದ ಚರ್ಮಕ್ಕೆ 1ರಿಂದ 1.5 ಮಿ.ಮೀ. ಆಳದ ಅಚ್ಚು ಹೊಂದುತ್ತದೆ. ಅಚ್ಚಿನ ಗೋಡೆ ಸ್ವಲ್ಪ ಇಳಿಜಾರಾಗಿರಲಿ. ನೆಟ್ಟನೆಯ ಚೂಪು ಅಂಚು ನುಣುಪು ಪದರವನ್ನು ಸೀಳುತ್ತದೆ. ತ್ರೀಡಿ ಪ್ರಿಂಟರಿನ ಅಚ್ಚು ಬಳಸುವುದಾದರೆ ಒಳಗೆ ಪೊಳ್ಳಿಲ್ಲದಂತೆ ಪೂರ್ತಿ ತುಂಬಿಸಿ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಇದನ್ನು ಮರೆಯುವವರೇ ಹೆಚ್ಚು.

ನೀರಿನ ಹದವೇ ಅರ್ಧ ಕೆಲಸ. ಸ್ಪಂಜಿನಿಂದ ಎರಡೂ ಬದಿ ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ಗಂಟೆ ಇಡಿ. ಹೊರತೆಗೆದ ಮೇಲೆ ಬಣ್ಣ ಮೊದಲಿನಂತಾಗುತ್ತ ಬಂದು, ಕೆನ್ನೆಗೆ ತಾಗಿಸಿದರೆ ಇನ್ನೂ ತಣ್ಣಗಿರುವಾಗ ಒತ್ತಿ. ನೀರು ಹೆಚ್ಚಾದರೆ ಅಚ್ಚು ಮಂಕಾಗಿ ಕೂರುತ್ತದೆ, ಕಡಿಮೆಯಾದರೆ ಅಂಚುಗಳಲ್ಲಿ ಬಿರುಕು. ಚರ್ಮ ಕುಗ್ಗುತ್ತಿದ್ದಂತೆ ಒತ್ತಡ ಇಳಿಯುವುದರಿಂದ ಅರ್ಧ ನಿಮಿಷದ ನಂತರ ಇನ್ನೊಂದೆರಡು ಹೊಡೆತ ಹಾಕಿ, ಮೂರು-ನಾಲ್ಕು ನಿಮಿಷ ಹಾಗೇ ಬಿಡಿ. ಬಿಸಿ ಪ್ಲೇಟಿನ ಆಸೆ ಒದ್ದೆ ಚರ್ಮದ ಮೇಲೆ ಬೇಡ. ಒದ್ದೆಯಿರುವ ವೆಜಿಟೇಬಲ್ ಟ್ಯಾನ್ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮುದುಡಿ ಕಟ್ಟಿಗೆಯಂತಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಒದ್ದೆ ಚರ್ಮ ಬರಿ ಕಬ್ಬಿಣಕ್ಕೆ ತಾಗಿದರೆ ಕಪ್ಪು-ನೀಲಿ ಕಲೆ ಬೀಳುತ್ತದೆ. ಅಳಲೆಕಾಯಿ ರಸಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸೇರಿಸಿ ಮಸಿ ಮಾಡುತ್ತಿದ್ದದ್ದೂ, ತೊಗಟೆ-ಕಾಯಿಗಳ ಒಗರು ಅಂಶವಾದ ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುವ ಈ ಗುಣದಿಂದಲೇ. ಆದ್ದರಿಂದ ಚರ್ಮಕ್ಕೂ ಪ್ಲೇಟಿಗೂ ನಡುವೆ ನಯವಾದ ಪ್ಲಾಸ್ಟಿಕ್ ಹಾಳೆ ಇರಲಿ. ಹಾಳೆಯ ಮೇಲೊಂದು ಉಕ್ಕಿನ ಪುಡಿ ಉಳಿದಿದ್ದರೂ ಚುಕ್ಕಿ ಮೂಡುತ್ತದೆ.

ಒತ್ತುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಪ್ರೆಸ್‌ನ ಎದುರಿಗಲ್ಲದೆ ಬದಿಗೆ ನಿಲ್ಲಿ. ವಾಲಿದ ಪೇರಿಕೆಯನ್ನು ಕೈಯಿಂದ ತಳ್ಳಿ ಸರಿ ಮಾಡಬೇಡಿ. ವಾಲ್ವ್ ಬಿಟ್ಟು, ಬಲ ಇಳಿಸಿ, ಮತ್ತೆ ಜೋಡಿಸಿ. ಹ್ಯಾಂಡಲ್ ಸ್ಪಂಜಿನಂತೆ ಮೆತ್ತಗಾದರೆ ಜಾಕಿಗೆ ಗಾಳಿ ಹೊಕ್ಕಿರುತ್ತದೆ. ಹೊರೆಯಿಲ್ಲದೆ ವಾಲ್ವ್ ತೆರೆದು ಹತ್ತಾರು ಸಲ ಪಂಪ್ ಮಾಡಿ. ಆಗಲೂ ಒತ್ತಡ ನಿಲ್ಲದಿದ್ದರೆ ಎಣ್ಣೆ ಮಟ್ಟ ನೋಡಿ, ಆಮೇಲೆ ಸೀಲ್.